ಪಟ್ಟದ ರಾಣಿಯ ದನಿ

ಜೂನ್ 3, ಮಂಗಳವಾರ

ಇವತ್ತಿನಿಂದ ನಾನು ಪಟ್ಟದ ರಾಣಿ. ಅರಮನೆಯೆಂದರೆ ಸ್ಟುಡಿಯೋದ ಹಿಂಭಾಗದಲ್ಲಿರುವ ಕಂಠದಾನದ ಕೋಣೆ. ಕಿಟಕಿಯಿಲ್ಲ, ಫ್ಯಾನು ಹಾಕುವ ಹಾಗಿಲ್ಲ, ಬಳೆ ತೊಡುವ ಹಾಗಿಲ್ಲ. ಗೋಡೆಗೆ ಹೊಡೆದ ಸ್ಪಂಜನ್ನು ಇಲಿ ತಿಂದಿದೆ. ಪರದೆಯ ಮೇಲೆ ನಾಯಕಿ ಕಿರೀಟ ಹೊತ್ತು ತುಟಿ ಆಡಿಸುತ್ತಾಳೆ, ನಾನು ಚಪ್ಪಲಿ ಬಿಚ್ಚಿಟ್ಟು ಮೈಕಿನ ಮುಂದೆ ನಿಂತು ಆ ತುಟಿಗೆ ಮಾತು ತುಂಬುತ್ತೇನೆ. ಅವಳಿಗೆ ನಮ್ಮ ಭಾಷೆ ಹೊರಳುವುದಿಲ್ಲ. ಇಪ್ಪತ್ತು ವರ್ಷದಿಂದ ಅವಳು ಅತ್ತರೆ ನಾನು ಅತ್ತಿದ್ದೇನೆ, ಅವಳು ನಕ್ಕರೆ ನಾನು ನಕ್ಕಿದ್ದೇನೆ. ಅವಳಿಗೆ ಬಂದ ಪ್ರಶಸ್ತಿಗಳಲ್ಲಿ ಅರ್ಧ ನನ್ನ ಗಂಟಲಿನವು. ಇಡುವ ಶೋಕೇಸು ಮಾತ್ರ ಅವಳ ಮನೆಯಲ್ಲಿದೆ.

ಈ ಸಲದ್ದು ರಾಜರ ಕಾಲದ ಚಿತ್ರ. ರಾಜನಿಗೆ ಇಬ್ಬರು ರಾಣಿಯರು, ಇಬ್ಬರಿಗೂ ಒಂದೊಂದು ಗಂಡುಮಗು, ಸಿಂಹಾಸನ ಒಂದೇ. ಕಿರಿಯ ರಾಣಿಯ ಮಗನಿಗೆಂದು ಇಟ್ಟ ಹಾಲಿಗೆ ಮಂತ್ರಿ ವಿಷ ಬೆರೆಸುತ್ತಾನೆ. ಪಟ್ಟದ ರಾಣಿಗೆ ಅದು ಗೊತ್ತಾಗುತ್ತದೆ, ಗೊತ್ತಾಗಿಯೂ ಸುಮ್ಮನಿರುತ್ತಾಳೆ. ಆಟವಾಡುತ್ತಾ ಬಂದು ಆ ಹಾಲು ಕುಡಿಯುವವನು ಅವಳದೇ ಮಗ. ಆಗ ಅವಳೊಂದು ಕೂಗು ಕೂಗುತ್ತಾಳೆ. ಇಡೀ ಚಿತ್ರ ಆ ಕೂಗಿಗೋಸ್ಕರವೇ ಮಾಡಿದ್ದಂತೆ, ನಿರ್ದೇಶಕ ಹೇಳಿದ. ನನಗಂತೂ ಕಥೆ ಕೇಳಿಯೇ ಮೈ ಉರಿಯಿತು. ಬಾಯಿ ಬಿಟ್ಟು ಒಂದು ಮಾತು ಹೇಳಲು ಇವಳಿಗೇನು ಧಾಡಿ? ಇಂಥವಳಿಗೆ ದನಿ ಕೊಟ್ಟು ಮನೆಗೆ ಬಂದರೆ ಬಾಯಿ ಮುಕ್ಕಳಿಸಬೇಕು.

ನಿರ್ದೇಶಕನಿಗೆ ಇನ್ನೂ ಮೀಸೆ ಸರಿಯಾಗಿ ಬಂದಿಲ್ಲ. ನಮ್ಮ ಸೌಂಡ್ ಇಂಜಿನಿಯರ್ ಅವನಿಗೆ ಚಿಗುರುಮೀಸೆ ಎಂದು ಹೆಸರಿಟ್ಟಿದ್ದಾನೆ. ಇಂಜಿನಿಯರಿಗೆ ನಾವೆಲ್ಲ ಇಟ್ಟ ಹೆಸರು ಕಿವಿಯಣ್ಣ. ಪಕ್ಕದ ಬೀದಿಯಲ್ಲಿ ಸೊಳ್ಳೆ ಹಾರಿದರೂ ಅವನಿಗೆ ಕೇಳುತ್ತದೆ, ರೆಕಾರ್ಡಿಂಗ್ ನಿಲ್ಲಿಸುತ್ತಾನೆ.

ದಾಸಿಯರ ಮಾತಿಗೆ ಒಂದೆರಡು ದನಿ ಬೇಕಿತ್ತು. ನಾದಿನಿಯನ್ನು ಕರೆದುಕೊಂಡು ಹೋದೆ. ಗಂಡನ ಮನೆ ಬಿಟ್ಟು ನಮ್ಮಲ್ಲಿಗೆ ಬಂದಾಗಿನಿಂದ ಅಡುಗೆಮನೆ ಪಕ್ಕದ ಕೋಣೆಯಲ್ಲಿ ಗೋಡೆ ನೋಡುತ್ತಾ ಕೂತಿದ್ದಳು. ನಾನೇ ಎಬ್ಬಿಸಿ ಕೆಲಸ ಕಲಿಸಿದೆ. ಉಸಿರು ಎಲ್ಲಿ ಎಳೆಯಬೇಕು, ಪರದೆಯ ಮೇಲೆ ತುಟಿ ಮುಚ್ಚಿದಾಗ ಯಾವ ಅಕ್ಷರ ಬೀಳಬೇಕು, ಎಲ್ಲ. "ಅಮ್ಮನವರೇ, ಕಿರಿಯ ರಾಣಿಯವರು ಬರುತ್ತಿದ್ದಾರೆ" ಎಂಬುದೊಂದೇ ಅವಳ ಮಾತು. ಅಚ್ಚುಕಟ್ಟಾಗಿ ಹೇಳಿದಳು. ನನಗೆ ಹೆಮ್ಮೆಯಾಯಿತು.

ಜೂನ್ 9, ಸೋಮವಾರ

ಊಟ ಸೇರಲಿಲ್ಲ. ಬರೆದಾದರೂ ಇಳಿಸಿಕೊಳ್ಳುತ್ತೇನೆ.

ಮಧ್ಯಾಹ್ನ ಚಿಗುರುಮೀಸೆ ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿ ಕೈಗೆ ಚಹಾ ಕೊಟ್ಟ. ತಾವಾಗಿ ಚಹಾ ತಂದುಕೊಡುವ ನಿರ್ದೇಶಕರನ್ನು ನಾನು ಬಹಳ ಕಂಡಿದ್ದೇನೆ. ಏನೋ ಕಿತ್ತುಕೊಳ್ಳಲು ಬಂದಿದ್ದಾನೆ ಎಂದು ಆಗಲೇ ಗೊತ್ತಾಯಿತು.

"ಅಮ್ಮಾ, ಬೇಜಾರ್ ಮಾಡ್ಕೋಬೇಡಿ. ನೀವು ದೊಡ್ಡೋರು. ಆದ್ರೆ ನಿಮ್ಮ ದನಿ ಎಲ್ರಿಗೂ ಗೊತ್ತಾಗ್ಬಿಟ್ಟಿದೆ. ರಾಣಿ ಶಾಪ ಹಾಕ್ತಿದ್ರೆ ಜನಕ್ಕೆ ಹಲ್ಲುಪುಡಿ ನೆನಪಾಗುತ್ತೆ."

ಆ ಹಲ್ಲುಪುಡಿ ಜಾಹೀರಾತಿಗೆ ನಾನು ದನಿ ಕೊಟ್ಟಾಗ ಇವನಿಗೆ ಹಾಲುಹಲ್ಲು ಬಿದ್ದಿರಲಿಲ್ಲ.

"ಹಾಗಾದ್ರೆ ರಾಣಿಗೆ ಯಾರು?" ಎಂದೆ.

ಲೋಟದೊಳಗೆ ನೋಡುತ್ತಾ ಹೇಳಿದ. "ಆ ದಾಸಿ ಮಾತು ಹೇಳಿದ್ರಲ್ಲ, ನಿಮ್ಮನೆಯವ್ರೇ. ಅವ್ರ ದನಿ ಹೊಸದು. ಅದ್ರಲ್ಲೊಂದು ನೋವಿದೆ ಅಮ್ಮಾ."

ನೋವಂತೆ. ನಾನು ಬಡಿಸಿದ್ದನ್ನು ಉಂಡು, ನಾನು ಹಾಸಿಕೊಟ್ಟ ಹಾಸಿಗೆಯಲ್ಲಿ ಮಲಗಿ ಏಳುವವಳ ದನಿಯಲ್ಲಿ ನೋವು. ಇಪ್ಪತ್ತು ವರ್ಷ ನಿಂತು ನಿಂತು ಕಾಲು ಊದಿಸಿಕೊಂಡವಳ ದನಿಯಲ್ಲಿ ಹಲ್ಲುಪುಡಿ. ಚಹಾ ಅಲ್ಲೇ ಇಟ್ಟು ಎದ್ದು ಬಂದೆ.

ಜೂನ್ 10, ಮಂಗಳವಾರ

ಬೆಳಗ್ಗೆ ಪಾತ್ರೆ ತೊಳೆಯುತ್ತಿದ್ದ ನಾದಿನಿ ಸೆರಗಿಗೆ ಕೈ ಒರೆಸಿಕೊಂಡು ಬಂದು ನಿಂತಳು.

"ಅತ್ತಿಗೆ, ನಾನು ಆಗಲ್ಲ ಅಂದೆ. ಅದು ನಮ್ಮತ್ತಿಗೆ ಪಾತ್ರ ಅಂದೆ."

"ಅದಕ್ಕೆ ಅವನೇನಂದ?"

"ಯೋಚನೆ ಮಾಡಿ ಅಂದ್ರು."

"ಮಾಡಿದ್ಯಾ ಯೋಚನೆ?"

"ನೀವು ಬೇಡ ಅಂದ್ರೆ ಈಗ್ಲೇ ಫೋನ್ ಮಾಡಿ ಬೇಡ ಅಂತೀನಿ."

ಎಂಥ ಜಾಣೆ! ಬೇಡ ಎಂದರೆ ನಾನು ಹೊಟ್ಟೆಕಿಚ್ಚಿನವಳು. ಆಗಲಿ ಎಂದರೆ ನನ್ನ ಕೈಯಿಂದಲೇ ಕಿರೀಟ ತೊಡಿಸಿಕೊಂಡ ಹಾಗಾಯಿತು. "ನಿನ್ನಿಷ್ಟ ಕಣೇ" ಎಂದು ಒಗೆಯುವ ಬಟ್ಟೆ ಎತ್ತಿಕೊಂಡು ಹೋದೆ.

ಇವರು ಅಂಗಡಿಗೆ ಹೊರಡುವ ಮೊದಲು, "ಯಾರು ಮಾಡಿದ್ರೇನು ಬಿಡೆ, ಮನೇಲೇ ಉಳೀತಲ್ಲ" ಎಂದರು. ಮಿಕ್ಕ ಅಡುಗೆಯ ವಿಷಯ ಮಾತಾಡಿದ ಹಾಗೆ. ಊರಿಗೆಲ್ಲ ಕನ್ನಡಕ ಮಾರುತ್ತಾರೆ, ತಮಗೆ ಮಾತ್ರ ಕಣ್ಣೆದುರಿನದು ಕಾಣುವುದಿಲ್ಲ.

ಜೂನ್ 12, ಗುರುವಾರ

ಚಿಗುರುಮೀಸೆ ಫೋನ್ ಮಾಡಿ, ನಾದಿನಿಗೆ ನಾನೇ ಹೇಳಿಕೊಡಬೇಕು ಎಂದ. "ರಾಣಿ ಅಂದ್ರೆ ಏನು ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು ಅಮ್ಮಾ." ಚಿತ್ರದ ಕೊನೆಯಲ್ಲಿ ಹೆಸರು ಹಾಕುತ್ತಾನಂತೆ, ಮಾರ್ಗದರ್ಶನ ಎಂದು. ಜನ ಎದ್ದು ಚಪ್ಪಲಿ ಹುಡುಕುವಾಗ ಬರುವ ಹೆಸರು.

ಒಪ್ಪಿದೆ. ಒಪ್ಪದೆ ಮನೆಯಲ್ಲಿ ಕೂತರೆ ಎಲ್ಲರೂ ಕನಿಕರ ಪಡುತ್ತಾರೆ. ಕಿವಿಯಣ್ಣ ಕೈಮುಗಿದು "ನೀವು ದೇವ್ರು ಕಣಮ್ಮಾ" ಎಂದ. ದೇವರಾಗಲು ಮೊದಲು ಕಲ್ಲಾಗಬೇಕು ಮಾರಾಯ ಎನ್ನೋಣವೆನಿಸಿತು.

ಜೂನ್ 17, ಮಂಗಳವಾರ

ಹೇಳಲೇಬೇಕು, ಚೆನ್ನಾಗಿ ಮಾಡುತ್ತಿದ್ದಾಳೆ.

ಇವತ್ತು ಸಭೆಯ ದೃಶ್ಯ. ಕಿರಿಯ ರಾಣಿ ಬಂದು ರಾಜನ ಬಲಗಡೆ ಕೂರುತ್ತಾಳೆ. ಅದು ಪಟ್ಟದ ರಾಣಿಯ ಜಾಗ. ಪಟ್ಟದ ರಾಣಿ ನಿಂತಲ್ಲೇ ನಿಂತು ಹೇಳುತ್ತಾಳೆ: "ಈ ಅರಮನೆಯ ದೀಪಗಳಿಗೆಲ್ಲ ಎಣ್ಣೆ ಎರೆದವಳು ನಾನು. ನೀನು, ಬೆಳಕಾದ ಮೇಲೆ ಬಂದವಳು."

ಆ ಮಾತನ್ನು ನಾನು ಬಚ್ಚಲಲ್ಲಿ, ಬಸ್ಸಿನಲ್ಲಿ, ಬಟ್ಟೆ ಒಣಹಾಕುವಾಗ ಹೇಳಿ ಹೇಳಿ ಹದಕ್ಕೆ ತಂದಿಟ್ಟಿದ್ದೆ. "ನೀನು" ಎಂದ ಮೇಲೆ ಒಂಚೂರು ತಡೆಯಬೇಕು. ಅಲ್ಲೇ ಇರುವುದು ಅದರ ಹರಿತ. ಅದನ್ನೂ ಅವಳಿಗೆ ಹೇಳಿಕೊಟ್ಟೆ. ಅವಳು ನಾನು ಹೇಳಿದಷ್ಟೇ ತಡೆದಳು, ಆಮೇಲೆ ದನಿ ಏರಿಸುವ ಬದಲು ಇಳಿಸಿಬಿಟ್ಟಳು. ಅದು ನಾನು ಹೇಳಿಕೊಟ್ಟದ್ದಲ್ಲ. ಕಿವಿಯಣ್ಣ ಹೆಡ್‌ಫೋನ್ ತೆಗೆದು ಕಣ್ಣೊರೆಸಿಕೊಂಡ. ನಾನು ಅಲ್ಲೇ ನಿಂತಿದ್ದೆ, ನನ್ನ ಕಡೆ ಯಾರೂ ತಿರುಗಲಿಲ್ಲ.

ರಾಣಿಯನ್ನು ಅವತ್ತು ನಾನು ಬೈದದ್ದು ಸ್ವಲ್ಪ ಹೆಚ್ಚಾಯಿತು. ತನ್ನ ಜಾಗದಲ್ಲಿ ಇನ್ಯಾರೋ ಕೂತಿದ್ದನ್ನು ನೋಡಿಕೊಂಡು ಎಷ್ಟು ದಿನ ನಗುತ್ತಾ ಇರುವುದು? ಅವಳೂ ಮನುಷ್ಯಳೇ ತಾನೆ.

ಜೂನ್ 19, ಗುರುವಾರ

ನಾಯಕಿಗೇ ಫೋನ್ ಮಾಡಿದೆ. ಅವಳಿಗೂ ತಿಳಿದಿರಬೇಕಲ್ಲ, ತನ್ನ ಬಾಯಲ್ಲಿ ಯಾರ ಮಾತು ಬರುತ್ತಿದೆ ಎಂದು. ಅವಳು ಒಂದು ಮಾತು ಎತ್ತಿದರೆ ಸಾಕು, ಚಿಗುರುಮೀಸೆ ಬಾಲ ಮುದುರಿಕೊಂಡು ಕೂರುತ್ತಾನೆ.

ಮೊದಲು ಅವಳ ಸಹಾಯಕಿ ಎತ್ತಿದಳು. ಬಹಳ ಹೊತ್ತಾದ ಮೇಲೆ ನಾಯಕಿ ಬಂದಳು. ಪಟ್ಟದ ರಾಣಿಗೆ ಬೇರೆಯವರ ದನಿ ಹಾಕುತ್ತಿದ್ದಾರೆ ಎಂದೆ.

"ಹೌದಾ? ಹೊಸ ದನಿ? ಒಳ್ಳೇದು ಅಲ್ಲಾ? ನಾನು ಸಣ್ಣ ವಯಸ್ಸು ಕಾಣ್ತೇನೆ" ಎಂದು ನಕ್ಕಳು. ಆಮೇಲೆ ಕೇಳಿದಳು. "ನೀವು ಯಾರು ಮಾತಾಡೋದು?"

ಫೋನ್ ಇಟ್ಟುಬಿಟ್ಟೆ.

ಜೂನ್ 20, ಶುಕ್ರವಾರ

ತಲೆನೋವು ಎಂದು ಹೋಗಲಿಲ್ಲ. ಯಾರಾದರೂ ಫೋನ್ ಮಾಡಿಯಾರು ಎಂದುಕೊಂಡಿದ್ದೆ. ಮಹಾರಾಣಿಯವರು ಸಂಜೆ ಗುನುಗುತ್ತಾ ಬಂದರು. "ನೀವಿಲ್ದೆ ಏನೂ ಸರಿ ಹೋಗ್ಲಿಲ್ಲ ಅತ್ತಿಗೆ" ಎಂದು ತಲೆಗೆ ಮುಲಾಮು ಹಚ್ಚಲು ಕೂತಳು. ಬೆರಳು ಮೆತ್ತಗಿವೆ ಅವಳವು. ಸಾಕು ಹೋಗು ಎಂದೆ.

ಜೂನ್ 23, ಸೋಮವಾರ

ನಿರ್ಮಾಪಕರ ಹೆಂಡತಿ ಸ್ಟುಡಿಯೋಗೆ ಬಂದಿದ್ದರು. ಹೊರಗಡೆ ಬೆಂಚಿನ ಮೇಲೆ ಇಬ್ಬರೇ ಕೂತೆವು. ಹೊಸಬಳು ಹೇಗೆ ಎಂದು ಅವರೇ ಕೇಳಿದರು.

"ಬಂಗಾರದಂಥವಳು. ಪಾಪ, ಗಂಡನ ಜತೆ ಜಗಳ ಮಾಡ್ಕೊಂಡು ಬಂದಿದಾಳೆ. ಇವತ್ತು ಇರ್ತಾಳೆ, ನಾಳೆ ಅವನು ಬಂದು ಕರೆದ್ರೆ ಹೋಗ್ತಾಳೆ. ಮನಸ್ಸು ಅಂದ್ಮೇಲೆ ಹಾಗೇ ಅಲ್ವಾ" ಎಂದೆ.

ಇದರಲ್ಲಿ ಸುಳ್ಳೇನಿದೆ? ಜಗಳವಾದದ್ದು ನಿಜ. ಕರೆದರೆ ಹೋದರೂ ಹೋಗಬಹುದು. ಅವರ ಮುಖ ಮಾತ್ರ ಸಣ್ಣದಾಯಿತು. ಅರ್ಧಕ್ಕೆ ಕೈಕೊಟ್ಟರೆ ಎಂಬ ಭಯ ಒಳಗೆ ಹೊಕ್ಕಿತು. ಹೊಗಲಿ. ಈಗಲಾದರೂ ನಂಬಿಕಸ್ತರು ಯಾರು ಎಂದು ಯೋಚಿಸಿಯಾರು.

ಜೂನ್ 26, ಗುರುವಾರ

ಯೋಚಿಸಿದ್ದಾರೆ, ಆದರೆ ತಲೆಕೆಳಗಾಗಿ. ಅವಳು ಹೋಗಿಬಿಡುವ ಮೊದಲು ಮುಖ್ಯವಾದದ್ದನ್ನೆಲ್ಲ ತೆಗೆದುಬಿಡಿ ಎಂದು ನಿರ್ಮಾಪಕರು ಚಿಗುರುಮೀಸೆಗೆ ಹೇಳಿದ್ದಾರಂತೆ. ಇನ್ನೂ ಎಷ್ಟೋ ಮಾತು ಬಾಕಿಯಿದೆ, ನಾಳೆ ಬೆಳಗ್ಗೆ ಹೋದ ತಕ್ಷಣ ಕೂಗಂತೆ.

ತಲೆ ಕೆಟ್ಟಿದೆ ಇವರಿಗೆ. ನಮ್ಮ ಕಸುಬಿನಲ್ಲಿ ಕೂಗು ಯಾವತ್ತೂ ಕೊನೆಯದು. ಆ ದಿನದ ಮಾತೆಲ್ಲ ಮುಗಿದ ಮೇಲೆ, ಸಂಜೆ, ಗಂಟಲು ಚೆನ್ನಾಗಿ ಬೆಚ್ಚಗಾದ ಮೇಲೆ ತೆಗೆಯುವುದು. ಅದೂ ಒಂದು ಸಲ, ಹೆಚ್ಚೆಂದರೆ ಎರಡು ಸಲ. ಆಕಳಿಸುವಾಗಿನ ಹಾಗೆ ಗಂಟಲು ತೆರೆದಿಟ್ಟು ಹೊಟ್ಟೆಯಿಂದ ಎತ್ತಬೇಕು. ಗಂಟಲಿನಿಂದ ಕಿರುಚಿದರೆ ಒಳಗಿನ ತಂತು ಕಿತ್ತುಹೋಗುತ್ತದೆ. ನನಗೆ ಕೆಲಸ ಕಲಿಸಿದ ಹಿರಿಯ ಕಲಾವಿದೆ ಮೊದಲ ವಾರವೇ ಇದನ್ನು ಹೇಳಿಕೊಟ್ಟಿದ್ದರು. ನಾದಿನಿಗೆ ಇನ್ನೂ ಹೇಳಿಲ್ಲ, ದಾಸಿಯರು ಕೂಗುವುದಿಲ್ಲವಲ್ಲ. ಕಿವಿಯಣ್ಣನಿದ್ದಿದ್ದರೆ ಅವನೇ ತಡೆಯುತ್ತಿದ್ದ. ಮಗಳ ಹೆರಿಗೆಯೆಂದು ರಜೆ ಹಾಕಿದ್ದಾನೆ. ಅವನ ಬದಲು ಬಂದವನಿಗೆ ಗುಂಡಿ ಒತ್ತುವುದು ಬಿಟ್ಟು ಇನ್ನೇನೂ ಗೊತ್ತಿಲ್ಲ.

ನಾಳೆ ಹೋದ ಕೂಡಲೇ ಚಿಗುರುಮೀಸೆಗೆ ಹೇಳಬೇಕು.

ಜೂನ್ 27, ಶುಕ್ರವಾರ

ಹೇಳಬೇಕೆಂದೇ ಹೋಗಿದ್ದೆ. ಬಾಗಿಲಲ್ಲೇ ಚಿಗುರುಮೀಸೆ ಎಲ್ಲರೆದುರು ಹೇಳಿದ. "ಅಮ್ಮಾ, ಇವತ್ತೊಂದಿನ ನೀವೇನೂ ಹೇಳ್ಬೇಡಿ. ನೀವು ಹೇಳಿದ್ರೆ ಅವ್ರು ನಿಮ್ಮ ಥರಾನೇ ಮಾಡ್ಬಿಡ್ತಾರೆ." ಗುಂಡಿ ಒತ್ತುವವನು ಕಿಸಕ್ಕೆಂದ.

ಸರಿ. ಹೇಳಬೇಡಿ ಎಂದರು, ಹೇಳಲಿಲ್ಲ.

ಒಳಗೆ ಹೋಗುವ ಮುಂಚೆ ಅವಳು ನನ್ನ ಕೈ ಹಿಡಿದುಕೊಂಡಳು. "ಅತ್ತಿಗೆ, ಭಯ ಆಗ್ತಿದೆ. ಈ ಕೂಗು ಹೇಗೆ ತೆಗೀಲಿ?"

"ನಿನಗೆ ಹೇಗೆ ಬರುತ್ತೋ ಹಾಗೆ ಕೂಗು. ಹೇಳಿಕೊಟ್ಟ ಅಳು ಅಳುವಲ್ಲ" ಎಂದೆ.

ಇದೂ ಸುಳ್ಳಲ್ಲ. ಎಷ್ಟೋ ಜನ ದೊಡ್ಡವರು ಹೀಗೇ ಹೇಳಿದ್ದಾರೆ.

ಅವಳು ಕಿರುಚಿದಳು. ಚಿಗುರುಮೀಸೆ "ಇನ್ನೂ" ಎಂದ. ಕಿರುಚಿದಳು. "ಇನ್ನೊಂದ್ಸಲ, ನಿಮ್ಮ ಮಗ ಸತ್ತಿದಾನೆ" ಎಂದ. ಎಷ್ಟು ಸಲವಾಯಿತೋ ಲೆಕ್ಕವಿಟ್ಟಿಲ್ಲ. ಕತ್ತಿನ ನರವೆಲ್ಲ ಎದ್ದು ನಿಂತಿತ್ತು. ನಡುವೆ ಒಂದು ಸಲ ಕೂಗು ಮೇಲೇರಿದಾಗ ಅದರೊಳಗೆ ಸಣ್ಣಗೆ ಏನೋ ಹರಿಯಿತು, ಹಳೇ ಸೀರೆ ಮೊಳೆಗೆ ಸಿಕ್ಕಿದ ಹಾಗೆ. ಕಿವಿಯಣ್ಣನಿಗಾದರೆ ಕೇಳಿಸುತ್ತಿತ್ತು. ನನಗೆ ಕೇಳಿಸಿತು.

ಚಿಗುರುಮೀಸೆ ನನ್ನ ಕಡೆ ತಿರುಗಿದ. "ಅಮ್ಮಾ, ಇನ್ನೊಂದು ತಗೋಬಹುದಾ?"

ಏನೂ ಹೇಳಬೇಡಿ ಎಂದವನು ಆಗ ಕೇಳುತ್ತಾನೆ!

"ತಗೊಳ್ಳಿ. ಬರುತ್ತೆ" ಎಂದೆ.

ಜೂನ್ 28, ಶನಿವಾರ

ಅವಳಿಗೆ ದನಿ ಹೊರಡುತ್ತಿಲ್ಲ. ಬಾಯಿ ತೆರೆದರೆ ಬರೀ ಗಾಳಿ. ಬಿಸಿನೀರು ಕಾಯಿಸಿಕೊಟ್ಟೆ, ಆವಿ ಹಿಡಿಸಿದೆ, ಕತ್ತಿಗೆ ಬೆಚ್ಚನೆ ಬಟ್ಟೆ ಸುತ್ತಿದೆ. ಮಗುವಿನ ಹಾಗೆ ಎಲ್ಲವನ್ನೂ ಮಾಡಿಸಿಕೊಂಡಳು.

ಆ ಕಥೆಯನ್ನೇ ಯೋಚಿಸುತ್ತಿದ್ದೆ. ಜನ ರಾಣಿಯನ್ನು ಬೈಯುತ್ತಾರೆ. ವಿಷ ಹಾಕಿದವನು ಮಂತ್ರಿ, ಹಾಲು ತಂದಿಟ್ಟವಳು ದಾಸಿ. ಅವಳೇನು ಮಾಡಿದಳು? ಸುಮ್ಮನಿದ್ದಳು, ಅಷ್ಟೇ. ಸುಮ್ಮನಿದ್ದದ್ದಕ್ಕೆ ಯಾವ ಕಾನೂನಿನಲ್ಲಿ ಶಿಕ್ಷೆಯಿದೆ?

ಜೂನ್ 30, ಸೋಮವಾರ

ಗಂಟಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಮೂಗಿನಿಂದ ನಳಿಕೆ ಇಳಿಸಿ ಟಿವಿಯಲ್ಲಿ ತೋರಿಸಿದರು. ಎರಡು ಬಿಳಿಯ ಎಳೆ, ಒಂದರ ಮೇಲೆ ರಕ್ತ ಕಟ್ಟಿ ಕೆಂಪಗಾಗಿತ್ತು. ಮೂರು ವಾರ ಮಾತಾಡುವ ಹಾಗಿಲ್ಲ, ಪಿಸುಮಾತೂ ಕೂಡದು. ಆಮೇಲೆ ನೋಡೋಣ, ಮೊದಲಿನ ದನಿಯೇ ಬರುತ್ತದೆ ಎನ್ನಲು ಆಗುವುದಿಲ್ಲ ಎಂದರು.

ಇವರು ಆಟೋದಲ್ಲಿ ತಂಗಿಯ ತಲೆ ಸವರುತ್ತಾ ಅತ್ತರು. ಮದುವೆಯಾಗಿ ಇಷ್ಟು ವರ್ಷಕ್ಕೆ ಇವರು ಅತ್ತದ್ದು ನಾನು ನೋಡಿರಲಿಲ್ಲ. ನನಗೆ ಕಾಲು ಊದಿದಾಗ ಎಣ್ಣೆ ಹಚ್ಚಿಕೋ ಎಂದಿದ್ದರು.

"ನೀನು ಜತೇಲಿದ್ದೂ ಹೀಗಾಯ್ತಲ್ಲೇ" ಎಂದರು ನನಗೆ.

"ನನ್ನ ಮಾತು ಅಲ್ಲಿ ಯಾರು ಕೇಳ್ತಾರೆ? ಬಾಯಿ ಬಿಡ್ಬೇಡಿ ಅಂತ ಎಲ್ಲರೆದುರಿಗೆ ಹೇಳಿದ್ರು" ಎಂದೆ. ನನಗೂ ಅಳು ಬಂತು. ನಿಜವಾದ ಅಳುವೇ.

ಜುಲೈ 3, ಗುರುವಾರ

ಚಿಗುರುಮೀಸೆ ಮನೆಗೇ ಬಂದ. ಚಪ್ಪಲಿ ಹೊರಗೆ ಬಿಟ್ಟು, ಕುರ್ಚಿಯ ತುದಿಯಲ್ಲಿ ಕೂತ. ಬಿಡುಗಡೆಯ ದಿನ ನಿಗದಿಯಾಗಿಬಿಟ್ಟಿದೆಯಂತೆ. ಮುಕ್ಕಾಲು ಭಾಗಕ್ಕೆ ಒಂದು ದನಿ, ಮಿಕ್ಕದ್ದಕ್ಕೆ ಇನ್ನೊಂದು ಎಂದರೆ ಆಗುವುದಿಲ್ಲ. ಮೊದಲಿನಿಂದ ಪೂರ್ತಿ ಮತ್ತೆ ತೆಗೆಯಬೇಕು.

"ನೀವೇ ಕಾಪಾಡ್ಬೇಕು ಅಮ್ಮಾ."

"ಹಲ್ಲುಪುಡಿ ನೆನಪಾಗಲ್ವೇನಪ್ಪಾ?" ಎಂದೆ. ತಲೆ ತಗ್ಗಿಸಿದ. ಆ ತಗ್ಗಿದ ತಲೆಯನ್ನು ಚಹಾ ಆರುವವರೆಗೂ ನೋಡುತ್ತಾ ಕೂತೆ. ಆಮೇಲೆ ಆಗಲಿ ಎಂದೆ.

ನಾದಿನಿ ಬಾಗಿಲ ಮರೆಯಿಂದ ನನಗೆ ಕೈಮುಗಿದಳು. ಅವಳ ಕೆಲಸ ಅರ್ಧಕ್ಕೆ ನಿಂತಿತಲ್ಲ ಎಂಬ ಸಂಕಟ ಅವಳಿಗೆ. ನಾನು ದಡ ಮುಟ್ಟಿಸುತ್ತೇನೆ ಎಂದುಕೊಂಡಳೇನೋ. ಪಾಪ, ಪುಟ್ಟಿ.

ಜುಲೈ 8, ಮಂಗಳವಾರ

ಮನೆ ಎಷ್ಟು ನೆಮ್ಮದಿಯಾಗಿದೆ. ಗುನುಗಿಲ್ಲ, ಫೋನಿನಲ್ಲಿ ನಗುವಿಲ್ಲ. ಪುಟ್ಟಿಗೆ ಏನಾದರೂ ಬೇಕಾದರೆ ಚಪ್ಪಾಳೆ ತಟ್ಟುತ್ತಾಳೆ. ಅವಳ ಸನ್ನೆ ಇವರಿಗೆ ಅರ್ಥವಾಗುವುದಿಲ್ಲ, ನಾನೇ ಬಿಡಿಸಿ ಹೇಳಬೇಕು. ಒಂದೊಂದು ಸಲ ಅವಳು ತಲೆ ಅಲ್ಲಾಡಿಸಿ ಹಾಗಲ್ಲ, ಹಾಗಲ್ಲ ಎನ್ನುತ್ತಾಳೆ. ಅಷ್ಟರೊಳಗೆ ಇವರು ನಾನು ಹೇಳಿದ್ದನ್ನು ಮಾಡಿ ಮುಗಿಸಿರುತ್ತಾರೆ. ಅವಳಿಗೆ ಬಂದ ಫೋನುಗಳನ್ನೂ ನಾನೇ ಎತ್ತುತ್ತೇನೆ. ಇನ್ನೊಬ್ಬರ ಬಾಯಿಗೆ ಮಾತು ಕೊಡುವುದೇ ನನ್ನ ಕಸುಬು ತಾನೆ.

ಜುಲೈ 14, ಸೋಮವಾರ

ಇಂಥ ದಿನ ನನ್ನ ಬದುಕಿನಲ್ಲಿ ಬಂದಿಲ್ಲ.

ಪುಟ್ಟಿ ಮನೆಯಲ್ಲಿ ಕೂತು ಬೇಸತ್ತಿದ್ದಾಳೆ, ಕರೆದುಕೊಂಡು ಹೋಗು ಎಂದು ಇವರು ಹೇಳಿದ್ದಕ್ಕೆ ಜತೆಯಲ್ಲಿ ಕರೆದೊಯ್ದಿದ್ದೆ. ಮೂಲೆಯ ಸ್ಟೂಲಿನ ಮೇಲೆ ಕೂತಿದ್ದಳು. ಬೆಳಗ್ಗೆ ಚಿಗುರುಮೀಸೆ ಇವತ್ತು ಕೂಗು ತೆಗೆದುಬಿಡೋಣವಾ ಎಂದು ಕೇಳಿದ. ಈಗ ಎಲ್ಲವನ್ನೂ ಕೇಳಿಯೇ ಮಾಡುತ್ತಾನೆ.

"ಈಗಲ್ಲ. ಕೂಗು ಯಾವತ್ತೂ ಕೊನೆಗೆ. ಬೆಳಗ್ಗೆ ಬೆಳಗ್ಗೆ ಕಿರುಚಿದ್ರೆ ಗಂಟಲು ಕಿತ್ತು ಬರುತ್ತೆ. ಅದನ್ನ ಹೊಟ್ಟೆಯಿಂದ ಎತ್ಬೇಕು, ಎರಡು ಸಲಕ್ಕಿಂತ ಹೆಚ್ಚು ಕೇಳ್ಬಾರ್ದು. ಇಷ್ಟೂ ಗೊತ್ತಿಲ್ದೆ ಚಿತ್ರ ಮಾಡೋಕೆ ಬರ್ತೀರಲ್ಲ" ಎಂದು ಎಲ್ಲರೆದುರು ಅವನ ನೀರಿಳಿಸಿದೆ. ರಜೆ ಮುಗಿಸಿ ಬಂದಿದ್ದ ಕಿವಿಯಣ್ಣ "ಹಾಗೆ ಹೇಳಿ ಅಮ್ಮಾ" ಎಂದು ತಲೆಯಾಡಿಸಿದ. ಆಮೇಲೆ ಅವನು ಪುಟ್ಟಿಯ ಕಡೆ ನೋಡಿದ, ನನ್ನ ಕಡೆ ನೋಡಿದ, ಹೆಡ್‌ಫೋನ್ ಹಾಕಿಕೊಂಡ. ಇಡೀ ದಿನ ಮತ್ತೆ ಮಾತಾಡಲಿಲ್ಲ. ಮೊಮ್ಮಗು ಹುಟ್ಟಿದ ಮೇಲೆ ನಿದ್ದೆಗೆಟ್ಟಿರಬೇಕು.

ಇವತ್ತಿನ ಮಾತೆಲ್ಲ ಮುಗಿದ ಮೇಲೆ, ಸಂಜೆ, ಪಕ್ಕೆಯ ಕೆಳಗೆ ಅಂಗೈ ಒತ್ತಿ ಹಿಡಿದು ನಿಂತೆ. ಪರದೆಯ ಮೇಲೆ ನನ್ನ ಮಗ ಸತ್ತು ಬಿದ್ದಿದ್ದ. ಕೈಯಿಂದ ಹಾಲಿನ ಬಟ್ಟಲು ಉರುಳಿತ್ತು. ಒಂದೇ ಸಲ ಕೂಗಿದೆ. ಎಲ್ಲಿಂದ ಬಂತೋ ನನಗೇ ತಿಳಿಯದು.

ಚಿಗುರುಮೀಸೆ ಬಹಳ ಹೊತ್ತಿನ ಮೇಲೆ ಒಳಗೆ ಬಂದ. "ಅಮ್ಮಾ, ಮೊದ್ಲು ನಿಮ್ಮ ದನಿಯಲ್ಲಿ ಇದು ಇರ್ಲಿಲ್ಲ. ಈ ಕೂಗು ಕೇಳಿದ್ರೆ ರಾಣಿಗೆ ಎಲ್ಲಾ ಗೊತ್ತಿತ್ತು ಅಂತ ಯಾರಿಗಾದ್ರೂ ತಿಳಿಯುತ್ತೆ. ಎಲ್ಲಿಂದ ತಂದ್ರಿ ಇದನ್ನ?"

ಇಪ್ಪತ್ತು ವರ್ಷದ ಕಸುಬಪ್ಪಾ ಎಂದೆ.

ಪುಟ್ಟಿ ಸ್ಟೂಲಿನ ಮೇಲೆ ಇರಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಕೂತು, ಅಂಗೈಯನ್ನು ತನ್ನ ಪಕ್ಕೆಯ ಕೆಳಗೆ ಇಟ್ಟುಕೊಂಡಿದ್ದಳು. ಬಸ್ಸಿನಲ್ಲಿ ಬೇರೆ ಸೀಟು ಹಿಡಿದಳು. ಹೊಟ್ಟೆನೋವಿರಬೇಕು.

ಜುಲೈ 17, ಗುರುವಾರ

ಚಿಗುರುಮೀಸೆ ಪುಟ್ಟಿಗೆ ಫೋನ್ ಮಾಡಿದ್ದ. ನಾನೇ ಎತ್ತಿದೆ. ಅವನಿಗೆ ಒಳಗೊಳಗೇ ಚುಚ್ಚುತ್ತಿದೆಯಂತೆ. ಮುಂದಿನ ಚಿತ್ರದಲ್ಲಿ ಅವಳಿಗೇ ಮುಖ್ಯ ಪಾತ್ರ ಇಟ್ಟಿದ್ದಾನಂತೆ. ದನಿ ಹೇಗೇ ಬರಲಿ, ಒಡೆದೇ ಬರಲಿ, ಅದಕ್ಕೆ ತಕ್ಕ ಹಾಗೆ ಮಾಡುತ್ತೇನೆ, ಎಷ್ಟು ದಿನ ಬೇಕಾದರೂ ಕಾಯುತ್ತೇನೆ ಎಂದ.

"ಅವಳಿಗೆ ಇನ್ಮೇಲೆ ಇದೆಲ್ಲ ಬೇಡ್ವಂತೆ. ಪಾಪ, ಹೆದರಿಬಿಟ್ಟಿದಾಳೆ. ನೀವು ಮತ್ತೆ ಕೇಳಿ ಅವಳ ಮನಸ್ಸು ಕದಡ್ಬೇಡಿ" ಎಂದೆ.

ಪುಟ್ಟಿ ಚಪ್ಪಾಳೆ ತಟ್ಟಿ ಯಾರದು ಎಂದು ಸನ್ನೆ ಮಾಡಿ ಕೇಳಿದಳು. ಗ್ಯಾಸಿನವನು ಎಂದೆ.

ಜುಲೈ 21, ಸೋಮವಾರ

ಮೂರು ವಾರ ಮುಗಿಯಿತು. ಸಂಜೆ ಡಾಕ್ಟರ ಹತ್ತಿರ ಹೋಗಬೇಕಿತ್ತು.

ಬೆಳಗ್ಗೆ ಇವರು ಅಂಗಡಿಗೆ ಹೋದ ಮೇಲೆ ನಾನು ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದೆ. ಪುಟ್ಟಿ ಬಂದು ಎದುರಿಗೆ ಕೂತಳು. ಬಾಯಿ ತೆರೆದಳು. ದನಿ ಬಂತು. ಅವಳದಲ್ಲ, ಯಾವುದೋ ಗಂಡಸಿನದು ಎನ್ನುವ ಹಾಗೆ ಗೊಗ್ಗರು ದನಿ. ಆದರೂ ಒಂದೊಂದು ಅಕ್ಷರವೂ ಸ್ಪಷ್ಟವಾಗಿತ್ತು.

"ಅತ್ತಿಗೆ, ನಿಮಗೆ ಗೊತ್ತಿತ್ತು. ನನಗ್ಯಾಕೆ ಹೇಳ್ಲಿಲ್ಲ?"

ಚಾಕು ಬೆರಳಿಗೆ ತಾಗಿತು, ಹೆಚ್ಚೇನಿಲ್ಲ.

"ಮಾತಾಡ್ಬಾರ್ದು ಅಂತ ಡಾಕ್ಟ್ರು ಹೇಳಿದಾರಲ್ವಾ ಪುಟ್ಟಿ. ಇನ್ನೂ ಅವ್ರು ನೋಡಿಲ್ಲ. ಸುಮ್ನಿರು" ಎಂದೆ.

ಅವಳು ಅಳಲೂ ಇಲ್ಲ, ಜಗಳವನ್ನೂ ಆಡಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು. "ಅಣ್ಣ ಬರ್ಲಿ" ಎಂದು ಎದ್ದು ಹೋದಳು.

ಎಂಥ ನೋಟ ಅದು! ಅನ್ನ ಹಾಕಿದ, ಕೆಲಸ ಕಲಿಸಿದ, ಹಗಲೂ ರಾತ್ರಿ ಆವಿ ಹಿಡಿಸಿದ ಕೈಗೆ ಸಿಕ್ಕ ಮರ್ಯಾದೆ ಇದು. ಯಾರೋ ತಿಳಿಯದೆ ಏನೇನೋ ಹೇಳಿ ಅವಳ ತಲೆ ಕೆಡಿಸಿರಬೇಕು. ಇವರು ಮೊದಲೇ ಮೆತ್ತಗಿನವರು, ತಂಗಿಯೆಂದರೆ ಕರಗಿಹೋಗುತ್ತಾರೆ. ಇಲ್ಲದ್ದನ್ನು ಕೇಳಿ ಮನಸ್ಸು ಕೆಡಿಸಿಕೊಂಡರೆ ಈ ಮನೆ ಉಳಿಯುತ್ತದೆಯೇ?

ಡಾಕ್ಟರಿಗೆ ಫೋನ್ ಮಾಡಿದೆ. ಇವತ್ತು ಬರಲು ಆಗುತ್ತಿಲ್ಲ ಎಂದೆ. ಪರವಾಗಿಲ್ಲ, ಮುಂದಿನ ವಾರ ಬನ್ನಿ, ಅಲ್ಲಿಯವರೆಗೆ ಮಾತು ಕಡಿಮೆಯಿದ್ದರೆ ಒಳ್ಳೆಯದೇ ಎಂದರು. ಆಮೇಲೆ ಅಂಗಡಿಗೆ ಫೋನ್ ಮಾಡಿ ಇವರಿಗೆ ತಿಳಿಸಿದೆ: "ಡಾಕ್ಟ್ರು ಇನ್ನೂ ಎರಡು ತಿಂಗಳು ಅಂದಿದಾರೆ. ಒಂದು ಮಾತಾಡಿದ್ರೂ ದನಿ ಪೂರ್ತಿ ಹೋಗುತ್ತಂತೆ. ಆಗ್ಲೇ ಸ್ವಲ್ಪ ತಲೆಗೂ ಹತ್ತಿರೋ ಹಾಗಿದೆ ಕಣ್ರೀ, ಬೆಳಗ್ಗೆ ಏನೇನೋ ಅಂದ್ಳು. ನೀವು ಬಂದವರೇ ಮೊದ್ಲು ಅವಳ ಬಾಯಿ ಮುಚ್ಚಿಸಿ."

ಅವಳ ಒಳ್ಳೆಯದಕ್ಕೇ ಹೇಳಿದ್ದು.

ಇವರು ಮಧ್ಯಾಹ್ನವೇ ಅಂಗಡಿ ಮುಚ್ಚಿ ಓಡಿ ಬಂದರು. ಅವಳು ಕೋಣೆಯಿಂದ ಹೊರಗೆ ಬಂದು "ಅಣ್ಣಾ" ಎಂದಳು. ಇವರು ತಮ್ಮ ಕೈಯಿಂದಲೇ ಅವಳ ಬಾಯಿ ಮುಚ್ಚಿದರು. "ಶ್! ಒಂದು ಮಾತೂ ಬೇಡ, ನನ್ನಾಣೆ. ಅತ್ತಿಗೆ ಎಲ್ಲಾ ಹೇಳಿದಾಳೆ" ಎಂದರು. ಅವಳು ಕೈ ಬಿಡಿಸಿಕೊಳ್ಳಲು ನೋಡಿದಳು. ಇವರು ಅಳುತ್ತಾ ಇನ್ನೂ ಬಿಗಿಯಾಗಿ ಹಿಡಿದುಕೊಂಡರು. ಸ್ವಲ್ಪ ಹೊತ್ತಿಗೆ ಅವಳು ಸುಮ್ಮನಾದಳು.

"ನೀನಿಲ್ದಿದ್ರೆ ಇವಳ ಗತಿ ಏನಾಗ್ತಿತ್ತೋ" ಎಂದರು ನನಗೆ.

ನಾಳೆ ಚಿತ್ರದ ಕೊನೆಯ ದೃಶ್ಯ, ಮಾತು ಬಹಳ ಇದೆ. ಗಂಟಲಿಗೆ ಬಿಸಿನೀರು ಕುಡಿದು ಬೇಗ ಮಲಗುತ್ತೇನೆ.